ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಕಂಪ್ಯೂಟರ್ ಕೋಣೆ ಯಾಕೆ?

ಪ್ರಶ್ನೆ: ನಮ್ಮ ಕೊಳೆಗೇರಿಯ ಸಮುದಾಯ ಭವನದಲ್ಲಿ ಒಂದು ಕೋಣೆ ಸುಮ್ನೆ ಬಿದ್ದಿದೆ. ಒಂದು ಕಚೇರಿಯವರು ಆರು ಹಳೇ ಕಂಪ್ಯೂಟರ್ ಕೊಡಲು ಒಪ್ಪಿದ್ದಾರೆ. ಆದರೆ ಏರಿಯಾದ ಹಿರಿಯರು ‘ಮೊಬೈಲ್ ಇದೆಯಲ್ಲ, ಇದೆಲ್ಲ ಯಾಕೆ?’ ಅಂತಾರೆ. ಏನು ಮಾಡೋಣ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ದಯವಿಟ್ಟು ಆ ಕೋಣೆಯ ಬೀಗ ತೆಗೆಯಿರಿ. ಬೆಂಗಳೂರಿನಲ್ಲಿ ಇಂಥದ್ದೇ ಒಂದು ಕೋಣೆಯನ್ನು ಆರು ವರ್ಷ ನೋಡಿಕೊಂಡವಳು ನಾನು. ಈ ಮಾತು ಅಲ್ಲೂ ಕೇಳಿದ್ದೆ.

ಅಲ್ಲಿಗೆ ಬಂದ ಒಬ್ಬ ಪಿಯುಸಿ ಹುಡುಗಿಯ ವಿಷಯ ಹೇಳ್ತೀನಿ. ಅವಳ ಅಮ್ಮ ಮನೆಗೆಲಸಕ್ಕೆ ಹೋಗುವವರು. ಸ್ಕಾಲರ್‌ಶಿಪ್ ಅರ್ಜಿಯನ್ನು ಒಂದು ಸೈಬರ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಹಾಕಿಸಿದ್ದರು. ಮರುವರ್ಷ ಲಾಗಿನ್ ಆಗೋಣ ಅಂದರೆ ಓಟಿಪಿ ಬರಲೇ ಇಲ್ಲ. ನೋಡಿದರೆ ಅರ್ಜಿಯಲ್ಲಿದ್ದದ್ದು ಅಂಗಡಿಯವನ ನಂಬರ್! ಅವನು ಅಂಗಡಿ ಮುಚ್ಚಿಕೊಂಡು ಹೋಗಿದ್ದ. ನಂಬರ್ ಬದಲಿಸಲು ತಾಯಿ ಮಗಳು ನಾಲ್ಕು ಸಲ ಕಚೇರಿಗೆ ಅಲೆದರು. ಹೋದಾಗೆಲ್ಲ ಅಮ್ಮನ ಒಂದು ದಿನದ ಸಂಬಳ ಕಟ್.

ಮೊಬೈಲಿನಲ್ಲಿ ದುಡ್ಡು ಕಳಿಸಬಹುದು, ವಿಡಿಯೊ ನೋಡಬಹುದು. ಆದರೆ ಅರ್ಜಿಗೆ ಅಂಕಪಟ್ಟಿಯ ಫೈಲ್ ಗಾತ್ರವನ್ನು ಕೇಳಿದಷ್ಟು ಕೆಬಿಗೆ ಇಳಿಸಿ, ಉದ್ದದ ಅರ್ಜಿ ತುಂಬಿ, ಪ್ರಿಂಟ್ ತೆಗೆಯಬೇಕು. ಮನೆಗೊಂದೇ ಮೊಬೈಲ್, ಅದೂ ಅಪ್ಪನ ಜೇಬಿನಲ್ಲಿ. ಹೇಗೆ ಆಗುತ್ತೆ, ಹೇಳಿ?

ಹಳೇ ಕಂಪ್ಯೂಟರ್ ಅಂತ ಹಿಂಜರಿಯಬೇಡಿ. ವಿಂಡೋಸ್ ಬದಲು ಲಿನಕ್ಸ್ ಹಾಕಿಸಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಕನ್ನಡ ಟೈಪ್ ಮಾಡಲು ‘ನುಡಿ’ ತಂತ್ರಾಂಶದ ಕೀಲಿಮಣೆ ವಿನ್ಯಾಸವೂ ಅದರಲ್ಲಿ ಸಿಗುತ್ತದೆ. ಬೆಂಗಳೂರಿನ ಗುರಪ್ಪನಪಾಳ್ಯದ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರದಲ್ಲಿ ಮಕ್ಕಳು ಲಿನಕ್ಸ್ ಮೇಲೆಯೇ ಗಿಂಪ್ ಎಂಬ ಚಿತ್ರ ತಂತ್ರಾಂಶ ಬಳಸಿ ಚಿತ್ರ ಬಿಡಿಸಲು ಕಲಿತರು. ಇನ್ನೊಂದು ಮಾತು. ಇಂಟರ್ನೆಟ್ ಇದ್ದೂ ಯಾವ ಸೈಟೂ ತೆರೆಯದಿದ್ದರೆ ಮೊದಲು ಪರದೆಯ ಮೂಲೆಯ ತಾರೀಕು ನೋಡಿ. ಒಳಗಿನ ನಾಣ್ಯದಂಥ ಸೆಲ್ ಸತ್ತರೆ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ, ಸುರಕ್ಷಿತ ಸೈಟುಗಳು ತೆರೆಯಲ್ಲ. ನಾವು ಇದು ಗೊತ್ತಿಲ್ಲದೆ ಎರಡು ಕಂಪ್ಯೂಟರ್ ಗುಜರಿಗೆ ಹಾಕಿದೆವು. ಆ ಸೆಲ್ಲಿನ ಬೆಲೆ ಹತ್ತಾರು ರೂಪಾಯಿ ಅಷ್ಟೇ. ಈಗಲೂ ಹೊಟ್ಟೆ ಉರಿಯುತ್ತೆ.

ಕಂಪ್ಯೂಟರ್ ಇಟ್ಟರೆ ಸಾಕು, ತಾವೇ ಕಲೀತಾರೆ ಅನ್ನುವವರೂ ಸಿಗುತ್ತಾರೆ. 1999ರಲ್ಲಿ ದೆಹಲಿಯ ಕಾಲ್ಕಾಜಿಯಲ್ಲಿ ಶಿಕ್ಷಣ ಸಂಶೋಧಕ ಸುಗತ ಮಿತ್ರ ಅವರು ಕೊಳೆಗೇರಿ ಪಕ್ಕದ ಗೋಡೆಗೆ ಒಂದು ಕಂಪ್ಯೂಟರ್ ಕೂರಿಸಿದ್ದರು. ಮಕ್ಕಳು ಯಾರ ಪಾಠವೂ ಇಲ್ಲದೆ ಅದನ್ನು ಬಳಸಲು ಕಲಿತದ್ದು ನಿಜ. ಆದರೆ ರೇಷನ್ ಕಾರ್ಡ್ ಹಿಡಿದು ಬಾಗಿಲಲ್ಲೇ ನಿಲ್ಲುವ ಅಮ್ಮಂದಿರಿಗೆ ‘ಬನ್ನಿ ಅಕ್ಕಾ, ಕೂತ್ಕೊಳ್ಳಿ’ ಅನ್ನುವವರು ಬೇಕು. ನಿಮ್ಮ ಬೀದಿಯಲ್ಲೇ ಓದಿದ ಒಬ್ಬ ಹುಡುಗಿಗೆ ಚಿಕ್ಕದಾದರೂ ಸಂಬಳ ಕೊಟ್ಟು ಕೂರಿಸಿ. ಪುಕ್ಕಟೆ ದುಡಿಸಬೇಡಿ.

ಹತ್ತರಿಂದ ಐದು ಅಂತ ಸಮಯ ಇಟ್ಟರೆ ಯಾರೂ ಬರಲ್ಲ, ಎಲ್ಲರೂ ಕೆಲಸಕ್ಕೆ ಹೋಗಿರುತ್ತಾರೆ. ಸಂಜೆ ಆರರಿಂದ ಒಂಬತ್ತು ತೆರೆದಿರಲಿ, ಭಾನುವಾರ ಇಡೀ ದಿನ. ಬೀಗದ ಕೈ ಇಬ್ಬರು ಹೆಂಗಸರ ಹತ್ತಿರ ಇರಲಿ. ನಮ್ಮಲ್ಲಿ ಹಾಗೆ ಮಾಡಿದ ಮೇಲೆಯೇ ಹುಡುಗಿಯರು ಜಾಸ್ತಿ ಬರತೊಡಗಿದ್ದು.

ಬಂದವರಿಗೆ ಮೊದಲು ಒಂದು ಇಮೇಲ್ ಮಾಡಿಕೊಡಿ. ಅವರದೇ ಮೊಬೈಲ್ ನಂಬರ್ ಹಾಕಿ. ಪಾಸ್‌ವರ್ಡ್ ಮಾತ್ರ ಅವರೇ ಒತ್ತಲಿ, ಎಷ್ಟು ಹೊತ್ತಾದರೂ ಸರಿ. ಆಗ ನೀವು ಆ ಕಡೆ ತಿರುಗಿ ನಿಂತಿರಿ.