ಬಡಾವಣೆಯ ಹೊಸ ಪಾರ್ಕು: ಹುಲ್ಲುಹಾಸೋ, ಮರದ ನೆರಳೋ?

ಮೈಸೂರಿನ ಪಶ್ಚಿಮ ಭಾಗದ ಒಂದೇ ಬಡಾವಣೆಯಿಂದ ಈ ಬಾರಿ ಹಲವು ಪತ್ರಗಳು ಬಂದಿವೆ. ಅಲ್ಲಿ ಬಹುಕಾಲದಿಂದ ಪಾಳು ಬಿದ್ದಿದ್ದ ಸುಮಾರು ಎರಡು ಎಕರೆ ಜಾಗದಲ್ಲಿ ಪಾರ್ಕು ಮಾಡುವ ಕೆಲಸಕ್ಕೆ ಕೊನೆಗೂ ಚಾಲನೆ ಸಿಕ್ಕಿದ್ದು, ಕರಡು ನಕ್ಷೆಯನ್ನು ನಿವಾಸಿಗಳ ಸಂಘದ ಕಚೇರಿಯಲ್ಲಿ ಅಂಟಿಸಲಾಗಿದೆ. ನಡುವೆ ದೊಡ್ಡ ಹುಲ್ಲುಹಾಸು, ಅದರ ಮಧ್ಯದಲ್ಲಿ ಕಾರಂಜಿ, ಸುತ್ತಲೂ ಇಂಟರ್‌ಲಾಕ್ ಟೈಲ್ಸಿನ ನಡಿಗೆ ದಾರಿ, ಒಂದು ಮೂಲೆಯಲ್ಲಿ ಮಕ್ಕಳ ಆಟದ ಜಾಗ, ಇನ್ನೊಂದರಲ್ಲಿ ಓಪನ್ ಜಿಮ್: ನಕ್ಷೆಯ ಸಾರಾಂಶ ಇಷ್ಟು. ಸಂಘದ ಸಭೆಯಲ್ಲಿ ಒಮ್ಮತ ಮೂಡದೆ, ಬೇರೆ ಬೇರೆ ಅಭಿಪ್ರಾಯದವರು ಈ ಅಂಕಣಕ್ಕೆ ಬರೆದಿದ್ದಾರೆ. ಉತ್ತರಿಸುವ ಮೊದಲು, ಜೋರು ಮಳೆ ಬಂದು ನಿಂತ ಒಂದು ಸಂಜೆ ಆ ಜಾಗವನ್ನು ನೋಡಿ ಬಂದೆ. ಅಲ್ಲಿ ಕಂಡದ್ದನ್ನು ಉತ್ತರಗಳ ನಡುವೆ ಹೇಳಿದ್ದೇನೆ.

ಪ್ರಶ್ನೆ: ಬೃಂದಾವನದಂತಹ ಉದ್ಯಾನ ಕಟ್ಟಿದ ಊರು ನಮ್ಮದು. ಬಡಾವಣೆಯ ಪಾರ್ಕಿನಲ್ಲೂ ವಿಶಾಲವಾದ ಹುಲ್ಲುಹಾಸು, ಹೂವಿನ ಮಡಿಗಳು ಮತ್ತು ಕಾರಂಜಿ ಇರಬೇಕೆಂಬುದು ನಮ್ಮಲ್ಲಿ ಹಲವರ ಆಸೆ. ಮರಗಳನ್ನು ಹೆಚ್ಚು ನೆಟ್ಟರೆ ತರಗೆಲೆ ಬಿದ್ದು ಜಾಗ ಕೊಳಕಾಗುತ್ತದೆ, ಹಾವಿನ ಭಯವೂ ಇರುತ್ತದೆ. ನಮ್ಮ ಅಭಿಪ್ರಾಯ ತಪ್ಪೇ?
— ನಿವೃತ್ತ ಅಧ್ಯಾಪಕರು

ಉತ್ತರ: ಆಸೆಯಲ್ಲಿ ತಪ್ಪಿಲ್ಲ, ಆದರೆ ಅದು ಈ ನೆಲಕ್ಕೆ ಹೊಂದುವುದಿಲ್ಲ. ಬೃಂದಾವನವು 1927ರಿಂದ 1932ರವರೆಗೆ, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, ಕನ್ನಂಬಾಡಿ ಕಟ್ಟೆಯ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ರೂಪುಗೊಂಡ ಉದ್ಯಾನ. ಕಟ್ಟೆಯ ಹಿಂದೆ ಕಾವೇರಿಯೇ ನಿಂತಿರುವುದರಿಂದ ಅಲ್ಲಿನ ಹುಲ್ಲಿಗೂ ಕಾರಂಜಿಗೂ ನೀರಿನ ಚಿಂತೆ ಇರಲಿಲ್ಲ. ನಿಮ್ಮ ಜಾಗಕ್ಕಿರುವ ಆಸರೆಯೆಂದರೆ ಒಂದು ಕೊಳವೆಬಾವಿ; ಅದೂ ಬೇಸಿಗೆಯಲ್ಲಿ ಎಷ್ಟು ನೀರು ಕೊಡುತ್ತದೆಂದು ಸಂಘದವರೇ ಖಚಿತವಾಗಿ ಹೇಳಲಾರರು.

ಒಂದು ಸರಳ ಲೆಕ್ಕ ಮಾಡೋಣ. ಎರಡು ಎಕರೆಯೆಂದರೆ ಸುಮಾರು 8,000 ಚದರ ಮೀಟರ್. ನಕ್ಷೆಯಲ್ಲಿರುವಂತೆ ಅದರಲ್ಲಿ ಅರ್ಧದಷ್ಟು ಹುಲ್ಲುಹಾಸಾದರೆ, ಮಾರ್ಚ್–ಏಪ್ರಿಲ್‌ನ ಬಿಸಿಲಿನಲ್ಲಿ ಅದನ್ನು ಹಸಿರಾಗಿ ಉಳಿಸಲು ಪ್ರತಿ ಚದರ ಮೀಟರಿಗೆ ದಿನಕ್ಕೆ ನಾಲ್ಕೈದು ಲೀಟರ್ ನೀರು ಬೇಕಾಗುತ್ತದೆ. ಒಟ್ಟು 16ರಿಂದ 20 ಸಾವಿರ ಲೀಟರ್, ಅಂದರೆ ದಿನಕ್ಕೆ ಮೂರು ನಾಲ್ಕು ಟ್ಯಾಂಕರ್. ಮನೆಗಳಿಗೇ ನೀರು ದಿನ ಬಿಟ್ಟು ದಿನ ಬರುವ ತಿಂಗಳುಗಳಲ್ಲಿ ಹುಲ್ಲಿಗೆ ಟ್ಯಾಂಕರ್ ತರಿಸುವುದನ್ನು ನಿಮ್ಮ ನೆರೆಹೊರೆಯವರೇ ಒಪ್ಪುವುದಿಲ್ಲ. ನೀರು ನಿಂತ ಎರಡೇ ವಾರಕ್ಕೆ, ಹುಲ್ಲುಹಾಸಿಗೆ ಹಾಕುವ ಮೆಕ್ಸಿಕನ್ ಹುಲ್ಲು ಒಣಗಿ ತೇಪೆ ತೇಪೆಯಾಗಿ ಏಳುತ್ತದೆ. ಹುಲ್ಲು ಬೇಕೇಬೇಕೆಂದಾದರೆ, ಮಕ್ಕಳು ಹೊರಳಾಡುವಷ್ಟು ಒಂದು ತುಣುಕಿನಲ್ಲಿ ನಮ್ಮ ಗರಿಕೆಯನ್ನೇ ಬೆಳೆಸಿ. ಬೇಸಿಗೆಯಲ್ಲಿ ಅದು ಕಂದು ಬಣ್ಣಕ್ಕೆ ತಿರುಗಿದರೂ ಬೇರು ಸಾಯುವುದಿಲ್ಲ. ಮುಂಗಾರುಪೂರ್ವದ ಮೊದಲ ಹದ ಮಳೆಗೆ ಮತ್ತೆ ಚಿಗುರುತ್ತದೆ.

ಅದೇ ನೆಲದ ಮೇಲೆ ಆಕಾಶದಿಂದ ಬೀಳುವ ನೀರಿನ ಲೆಕ್ಕವನ್ನೂ ನೋಡಿ. ಮೈಸೂರಿನಲ್ಲಿ ವರ್ಷಕ್ಕೆ ಸರಾಸರಿ 800 ಮಿಲಿಮೀಟರ್‌ ಆಸುಪಾಸು ಮಳೆಯಾಗುತ್ತದೆ. ಎರಡು ಎಕರೆಗೆ ಅದು ಅರವತ್ತು ಲಕ್ಷ ಲೀಟರಿಗೂ ಮಿಗಿಲು. ನಾನು ಹೋದ ಸಂಜೆ ಜಾಗದ ಮೇಲ್ಭಾಗದಿಂದ ಕೆಮ್ಮಣ್ಣಿನ ನೀರು ಬೆರಳಗಲದ ಸೀಳುಗಳಲ್ಲಿ ಹರಿದು ಬಂದು, ಆಗ್ನೇಯ ಮೂಲೆಯಲ್ಲಿ ಪಾದ ಮುಳುಗುವಷ್ಟು ನಿಂತಿತ್ತು. ಉಳಿದದ್ದು ಕಾಂಪೌಂಡಿನ ತೂತಿನಿಂದ ಮೋರಿಗೆ ಇಳಿಯುತ್ತಿತ್ತು. ನಕ್ಷೆಯಲ್ಲಿ ಸರಿಯಾಗಿ ಆ ಮೂಲೆಗೇ ಓಪನ್ ಜಿಮ್ ತೋರಿಸಿದ್ದಾರೆ! ನೆಲದ ಇಳಿಜಾರನ್ನು ನೋಡದೆ ಕಚೇರಿಯಲ್ಲಿ ಕುಳಿತು ಎಳೆದ ನಕ್ಷೆಯಿದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆ ಮೂಲೆಯನ್ನು ತುಸು ತಗ್ಗಾಗಿಯೇ ಉಳಿಸಿ, ದಪ್ಪಜಲ್ಲಿ ತುಂಬಿದ ಇಂಗುಗುಂಡಿಗಳನ್ನು ಮಾಡಿ, ಅಂಚಿನಲ್ಲಿ ಹೊಳೆಮತ್ತಿಯನ್ನೋ ನೇರಳೆಯನ್ನೋ ನೆಟ್ಟರೆ ನಿಮ್ಮ ಕೊಳವೆಬಾವಿಗೇ ಅದರ ಲಾಭ. ಸುಬ್ಬರಾಯನಕೆರೆಯನ್ನೂ ದೊಡ್ಡಕೆರೆಯನ್ನೂ ಮುಚ್ಚಿ ಮೈದಾನ ಮಾಡಿಕೊಂಡ ಊರು ನಮ್ಮದು. ನೀರು ತಾನಾಗಿ ಬಂದು ನಿಲ್ಲುವ ತಾಣವನ್ನು ಇನ್ನೊಮ್ಮೆ ಕಾಂಕ್ರೀಟಿನಿಂದ ಮುಚ್ಚುವುದು ಬೇಡವೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಕಾರಂಜಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಂಪು ಕೆಟ್ಟು ಸೊಳ್ಳೆಯ ತೊಟ್ಟಿಯಾಗಿರುವ ಬಡಾವಣೆಯ ಕಾರಂಜಿಗಳನ್ನು ನೀವೂ ನೋಡಿರುತ್ತೀರಿ. ತರಗೆಲೆ ಕೊಳಕಲ್ಲ, ಒಂದು ಮೂಲೆಯಲ್ಲಿ ಗುಂಡಿ ತೋಡಿ ಹಾಕಿದರೆ ಕೆಲವೇ ತಿಂಗಳಲ್ಲಿ ಗೊಬ್ಬರವಾಗುತ್ತದೆ. ಹಾವು ಬರುವುದು ಇಲಿಗಳಿರುವಲ್ಲಿಗೆ, ಇಲಿಗಳು ಬರುವುದು ಕಸ ಸುರಿಯುವಲ್ಲಿಗೆ. ಬುಡ ಚೊಕ್ಕಟವಾಗಿರುವ ಎತ್ತರದ ಮರಗಳಿಗೂ ಹಾವಿಗೂ ಸಂಬಂಧವಿಲ್ಲ.

ಪ್ರಶ್ನೆ: ಮರ ಬೇಕೆನ್ನುವವರಲ್ಲೂ ಎರಡು ಗುಂಪುಗಳಾಗಿವೆ. ಬೇಗ ಬೆಳೆದು ಹಸಿರು ಗೋಡೆಯಂತಾಗುವ ಕೊನೊಕಾರ್ಪಸ್ ಮತ್ತು ಅಲಂಕಾರಿಕ ತಾಳೆ ಸಾಕೆಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ನಾವು ಕೆಲವು ಗೃಹಿಣಿಯರು ಹೂಬಿಡುವ ಮರಗಳನ್ನು ಕೇಳಿದ್ದೇವೆ. ಕಾರಂಜಿಗೆಂದು ಗುರುತು ಹಾಕಿದ ಜಾಗದಲ್ಲಿ ಮೂರು ದೊಡ್ಡ ಹೊಂಗೆಗಳಿದ್ದು, ಅವನ್ನು ಕಡಿಯುತ್ತಾರೆಂದು ಕೇಳಿ ಬೇಸರವಾಗಿದೆ. ಏನು ಮಾಡಬಹುದು?
— ಗೃಹಿಣಿ

ಉತ್ತರ: ಮೊದಲು ಹೊಂಗೆಗಳ ವಿಚಾರ. ಅವು ಸರ್ಕಾರಿ ಜಾಗದಲ್ಲಿದ್ದರೂ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಕೆಲಸ ಶುರುವಾಗುವ ಮೊದಲೇ ಅರಣ್ಯ ಇಲಾಖೆಗೆ ಲಿಖಿತವಾಗಿ ಆಕ್ಷೇಪಣೆ ಸಲ್ಲಿಸಿ, ಸ್ವೀಕೃತಿ ಪಡೆದುಕೊಳ್ಳಿ. ಆ ಮರಗಳನ್ನು ನಾನೂ ನೋಡಿದೆ. ಮಳೆ ನಿಂತ ಮೇಲೂ ಎಲೆಗಳಿಂದ ಹನಿ ಉದುರುತ್ತಿತ್ತು, ಬುಡದ ಚಪ್ಪಡಿ ಕಲ್ಲಿನ ಮೇಲೆ ಹೂ ಕಟ್ಟುವ ಅಜ್ಜಿಯೊಬ್ಬರು ಬುಟ್ಟಿ ಇಟ್ಟುಕೊಂಡು ಕುಳಿತಿದ್ದರು, ಪಕ್ಕದಲ್ಲಿ ಇಬ್ಬರು ಗಾರೆ ಕೆಲಸದವರು ಬುತ್ತಿ ಬಿಚ್ಚಿದ್ದರು. ಯಾವ ನಕ್ಷೆಯೂ ಇಲ್ಲದೆ ಆ ಜಾಗ ಆಗಲೇ ಪಾರ್ಕಾಗಿದೆ. ಹಾಗೆ ನೆರಳು ಕೊಡಲು ಹೊಸ ಸಸಿಗೆ ಹತ್ತು ಹದಿನೈದು ವರ್ಷ ಬೇಕು. ನಕ್ಷೆಯೇ ಮರಗಳನ್ನು ಬಳಸಿಕೊಂಡು ಹೋಗಲಿ. ಕಲ್ಲುಬೆಂಚುಗಳನ್ನು ಅಲ್ಲಿಯೇ ಹಾಕಿಸಿ.

ಕೊನೊಕಾರ್ಪಸ್ ಬೇಡವೇ ಬೇಡ. ಅದರ ಬೇರು ಚರಂಡಿಗೂ ನೆಲದಡಿಯ ಪೈಪುಗಳಿಗೂ ನುಗ್ಗುತ್ತದೆ, ಪರಾಗದಿಂದ ಉಸಿರಾಟದ ತೊಂದರೆಯಾಗುತ್ತದೆ ಎಂಬ ದೂರುಗಳ ಹಿನ್ನೆಲೆಯಲ್ಲಿ ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಅಲಂಕಾರಿಕ ತಾಳೆಗೆ ಖರ್ಚು ಹೆಚ್ಚು, ನೆರಳು ಕಡಿಮೆ.

ಹೂಬಿಡುವ ಮರಗಳ ಕುರಿತು ನಿಮ್ಮ ಕೋರಿಕೆ ಮೈಸೂರು ಸಂಸ್ಥಾನದ ಪರಂಪರೆಗೇ ಸೇರಿದ್ದು. 1908ರಿಂದ ಸಂಸ್ಥಾನದ ತೋಟಗಾರಿಕೆಯನ್ನು ನೋಡಿಕೊಂಡ ಜರ್ಮನಿಯ ಕೃಂಬಿಗಲ್ ಅವರು, ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಮರಗಳನ್ನು ಆರಿಸಿ ನೆಡಿಸಿದರು. ಅವರು ಬಳಸಿದ ಜಾತಿಗಳಲ್ಲಿ ಹಲವು ಹೊರದೇಶದವು. ಕ್ರಮವನ್ನು ಅವರಿಂದ ಕಲಿತು, ಮರಗಳನ್ನು ನಮ್ಮ ನೆಲದಿಂದಲೇ ಆರಿಸಿಕೊಳ್ಳಬಹುದು. ಮಾಘ ಕಳೆಯುತ್ತಿದ್ದಂತೆ ಮುತ್ತುಗ, ಯುಗಾದಿಯ ಹೊತ್ತಿಗೆ ಹೊಂಗೆ, ಏಪ್ರಿಲ್–ಮೇನಲ್ಲಿ ಕಕ್ಕೆಯ ಹಳದಿ ಗೊಂಚಲು ಮತ್ತು ಹೊಳೆದಾಸವಾಳದ ನೇರಳೆ ಬಣ್ಣ, ಮಳೆಗಾಲದಲ್ಲಿ ಸಂಪಿಗೆ. ದೀಪಾವಳಿಯ ಸುಮಾರಿಗೆ, ಹೊರಗಿನಿಂದ ಬಂದು ನಮ್ಮದೇ ಆಗಿಬಿಟ್ಟಿರುವ ಆಕಾಶಮಲ್ಲಿಗೆ. ಗುಲ್‌ಮೊಹರ್ ಚೆಂದವಾದರೂ ಬೇರು ಮೇಲುಮೇಲಿನದು, ಕೊಂಬೆ ಪೆಡಸು. ಗಾಳಿಮಳೆಗೆ ಮುರಿದು ಬೀಳುತ್ತದೆ. ಮಕ್ಕಳು ಆಡುವ ಕಡೆ ಅದನ್ನು ನೆಡಬೇಡಿ. ದೊಡ್ಡ ಮರಗಳ ನಡುವೆ ಎಂಟರಿಂದ ಹತ್ತು ಮೀಟರ್ ಅಂತರವಿರಲಿ. ಬೇಲಿಯ ಬದಿಗೆ ಕರಿಬೇವು, ನಿಂಬೆ ಮತ್ತು ಎಕ್ಕದ ಗಿಡಗಳಿದ್ದರೆ ಚಿಟ್ಟೆಗಳು ಮೊಟ್ಟೆಯಿಡಲು ತಾವಾಗಿಯೇ ಬರುತ್ತವೆ. ಚಿಟ್ಟೆ ಪಾರ್ಕೆಂದು ಪ್ರತ್ಯೇಕ ಖರ್ಚು ಬೇಕಿಲ್ಲ.

ಮುಂಗಾರಿನ ಆರಂಭದಲ್ಲಿ ಸಸಿ ನೆಟ್ಟರೆ ಸೆಪ್ಟೆಂಬರ್–ಅಕ್ಟೋಬರಿನ ಮಳೆಯೂ ಸಿಕ್ಕಿ ಬೇರು ಕಚ್ಚುತ್ತದೆ. ಆದರೂ ಮೊದಲ ಎರಡು ಮೂರು ಬೇಸಿಗೆ ನೀರು ಹೊಯ್ಯಲೇಬೇಕು. ವಿದ್ಯಾರಣ್ಯಪುರಂ, ಕೆಸರೆ ಮತ್ತು ರಾಯನಕೆರೆಯಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕಗಳಿವೆ. ಅಲ್ಲಿನ ಸಂಸ್ಕರಿಸಿದ ನೀರನ್ನು ಗಿಡಗಳಿಗೆ ಒದಗಿಸುವಂತೆ ಪಾಲಿಕೆಯನ್ನು ಕೇಳುವುದು ನ್ಯಾಯವಾದ ಬೇಡಿಕೆ.

ಪ್ರಶ್ನೆ: ನನ್ನ ತಾಯಿ ಗಾಲಿಕುರ್ಚಿಯಲ್ಲಿ ಓಡಾಡುತ್ತಾರೆ. ನಡಿಗೆ ದಾರಿಗೆ ಟೈಲ್ಸ್ ಬೇಡ, ಮಣ್ಣೇ ಇರಲಿ ಎಂದು ಬೆಳಗಿನ ವಾಯುವಿಹಾರಿಗಳು ಹಟ ಹಿಡಿದಿದ್ದಾರೆ. ಮಣ್ಣಿನ ದಾರಿಯಲ್ಲಿ ಗಾಲಿಕುರ್ಚಿ ಹೋಗುವುದು ಹೇಗೆ?
— ಬ್ಯಾಂಕ್ ಉದ್ಯೋಗಿ

ಉತ್ತರ: ಇಬ್ಬರ ಮಾತಿನಲ್ಲೂ ಹುರುಳಿದೆ. ಕುಕ್ಕರಹಳ್ಳಿ ಕೆರೆಯ ಮಣ್ಣಿನ ದಾರಿಯಲ್ಲಿ ನಡೆದು ರೂಢಿಯಾದ ಮಂಡಿಗಳಿಗೆ ಟೈಲ್ಸಿನ ಗಡಸುತನ ಹಿಡಿಸುವುದಿಲ್ಲ. ಮಳೆಯ ನೀರೂ ಮಣ್ಣಿನಲ್ಲಿ ಚೆನ್ನಾಗಿ ಇಂಗುತ್ತದೆ. ಆದ್ದರಿಂದ ಹೊರಸುತ್ತು ಮಣ್ಣಿನದೇ ಇರಲಿ. ಆದರೆ ಗೇಟಿನಿಂದ ಹೊಂಗೆ ಮರಗಳವರೆಗೆ, ಅಲ್ಲಿಂದ ಮಕ್ಕಳ ಆಟದ ಜಾಗ ಮತ್ತು ಶೌಚಾಲಯದವರೆಗೆ, ಕನಿಷ್ಠ ಒಂದೂವರೆ ಮೀಟರ್ ಅಗಲದ ಗಟ್ಟಿಯಾದ ಸಮತಟ್ಟು ದಾರಿ ಇರಲೇಬೇಕು. ಇದನ್ನು ಯಾರೂ ದಯೆಯಿಂದ ಕೊಡಬೇಕಾಗಿಲ್ಲ. ಸಾರ್ವಜನಿಕ ಸ್ಥಳಗಳು ಎಲ್ಲರೂ ಬಳಸುವಂತಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ. ಎತ್ತರವಿರುವಲ್ಲಿ ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಗೇಟನ್ನು ವಿಶೇಷವಾಗಿ ಗಮನಿಸಿ. ದನಗಳು ಬಾರದಿರಲೆಂದು ಹಾಕುವ ತಿರುಗುಗೇಟು ನಿಮ್ಮ ತಾಯಿಯವರನ್ನೂ ಹೊರಗೇ ನಿಲ್ಲಿಸುತ್ತದೆ. ಪಕ್ಕದಲ್ಲಿ 90 ಸೆಂಟಿಮೀಟರ್ ಅಗಲದ ಬಾಗಿಲೊಂದನ್ನು ಈಗಲೇ ನಕ್ಷೆಯಲ್ಲಿ ಬರೆಸಿ. ಟೈಲ್ಸ್ ಹಾಕುವಾಗ ಮರದ ಕುತ್ತಿಗೆಯವರೆಗೂ ಸಿಮೆಂಟು ಬಳಿಯುವ ಕೆಟ್ಟ ಪದ್ಧತಿಯಿದೆ. ಬುಡದ ಸುತ್ತ ಕನಿಷ್ಠ ಒಂದು ಮೀಟರ್ ಮಣ್ಣನ್ನು ಬಿಡಲೇಬೇಕೆಂದು ಟೆಂಡರಿನಲ್ಲೇ ಸೇರಿಸಲು ಹೇಳಿ.

ಪ್ರಶ್ನೆ: ಪಾರ್ಕಿನಲ್ಲಿ ಚೆಂಡಾಟಕ್ಕೆ ಅವಕಾಶ ಕೊಡಬಾರದೆಂದು ಹಿರಿಯರು ಹೇಳುತ್ತಿದ್ದಾರೆ. ನಮ್ಮ ಹುಡುಗರು ಇನ್ನೆಲ್ಲಿ ಆಡಬೇಕು?
— ಇಬ್ಬರು ಮಕ್ಕಳ ತಾಯಿ

ಉತ್ತರ: ಪಾರ್ಕಿನಲ್ಲಿಯೇ ಆಡಬೇಕು. ಜಾರುಬಂಡೆ ಮತ್ತು ಜೋಕಾಲಿ ಎಂಟು ಹತ್ತು ವರ್ಷದವರೆಗಿನ ಮಕ್ಕಳಿಗೆ ಸರಿ. ಅದಕ್ಕಿಂತ ದೊಡ್ಡವರಿಗೆ ನಕ್ಷೆಯಲ್ಲಿ ಒಂದಿಷ್ಟೂ ಜಾಗವಿಲ್ಲ. ಹುಲ್ಲುಹಾಸಿಗೆ ಇಟ್ಟ ಜಾಗದಲ್ಲಿ ಒಂದು ಭಾಗವನ್ನು ಬರಿ ಮಣ್ಣಿನ ಅಂಗಳವಾಗಿ ಬಿಟ್ಟು, ರಸ್ತೆಯ ಬದಿಗೆ ಎತ್ತರದ ಬಲೆ ಕಟ್ಟಿಸಿದರೆ ಕಿಟಕಿ ಗಾಜಿನ ಜಗಳವೂ ತಪ್ಪುತ್ತದೆ. ಜಾರುಬಂಡೆಯ ಕೆಳಗೆ ಕಾಂಕ್ರೀಟು ಬೇಡ, ದಪ್ಪನಾಗಿ ಮರಳು ಇರಲಿ. ಹಿರಿಯರ ಬೆಂಚುಗಳನ್ನು ಹೊಂಗೆಗಳ ಕಡೆಗೆ, ಹುಡುಗರ ಅಂಗಳವನ್ನು ಎದುರು ಬದಿಗೆ ಇಟ್ಟರೆ ಇಬ್ಬರಿಗೂ ನೆಮ್ಮದಿ.

ಪ್ರಶ್ನೆ: ಪಾರ್ಕಿನ ಒಂದು ಭಾಗದಲ್ಲಿ ಸಮುದಾಯ ಭವನವನ್ನೋ ದೇವಸ್ಥಾನವನ್ನೋ ಕಟ್ಟಿದರೆ ಎಲ್ಲರಿಗೂ ಅನುಕೂಲ ಎಂಬ ಸಲಹೆ ಬಂದಿದೆ. ಇದು ಸಾಧ್ಯವೇ?
— ಸಂಘದ ಸದಸ್ಯರು

ಉತ್ತರ: ಪಾರ್ಕಿಗೆಂದು ಮೀಸಲಾದ ಜಾಗವನ್ನು ಬೇರೆ ಉದ್ದೇಶಕ್ಕೆ ಬಳಸಬಾರದು. ಇಂತಹ ಜಾಗಗಳ ರಕ್ಷಣೆಗೆಂದೇ 1985ರ ಕರ್ನಾಟಕ ಉದ್ಯಾನವನಗಳು, ಆಟದ ಬಯಲುಗಳು ಮತ್ತು ತೆರೆದ ಸ್ಥಳಗಳ ಕಾಯ್ದೆ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿನ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳೇ ನ್ಯಾಯಾಲಯಕ್ಕೆ ಹೋಗಿದ್ದರು. ಆ ಹಂಚಿಕೆ ಸಲ್ಲದೆಂದು ಸುಪ್ರೀಂ ಕೋರ್ಟ್ 1991ರಲ್ಲಿ ತೀರ್ಪು ಕೊಟ್ಟಿತು. ಆಸ್ಪತ್ರೆಯಂತಹ ಉಪಯುಕ್ತ ಕಟ್ಟಡಕ್ಕೇ ಸಿಗದ ಜಾಗ ಭವನಕ್ಕೆ ಸಿಗುವುದಿಲ್ಲ. ಭವನಕ್ಕೆ ನಾಗರಿಕ ಸೌಲಭ್ಯ ನಿವೇಶನ, ಅಂದರೆ ಸಾರ್ವಜನಿಕ ಸೌಲಭ್ಯಗಳಿಗೆಂದು ಬಡಾವಣೆಯಲ್ಲಿ ಮೀಸಲಿಟ್ಟ ಜಾಗ, ಕೇಳಿ.

ಪ್ರಶ್ನೆ: ಅಂಟಿಸಿದ ನಕ್ಷೆಯಲ್ಲಿ ಅಳತೆಗಳೂ ಇಲ್ಲ, ಖರ್ಚಿನ ವಿವರವೂ ಇಲ್ಲ. ನಮ್ಮ ಮಾತು ನಡೆಯುವಂತೆ ಮಾಡುವುದು ಹೇಗೆ?
— ವಿದ್ಯಾರ್ಥಿನಿ

ಉತ್ತರ: ಮಾಹಿತಿ ಹಕ್ಕು ಕಾಯ್ದೆಯಡಿ ಅಳತೆ ಸಹಿತ ನಕ್ಷೆ, ಅಂದಾಜುಪಟ್ಟಿ ಮತ್ತು ಟೆಂಡರಿನ ಷರತ್ತುಗಳ ಪ್ರತಿ ಕೇಳಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು ಮತ್ತು ಅದು 150 ಪದಗಳನ್ನು ಮೀರಬಾರದು. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಅಂದಾಜುಪಟ್ಟಿ ಕೈಗೆ ಬಂದ ಮೇಲೆ ಮೊದಲು ನಿರ್ವಹಣೆಯ ಬಾಬ್ತನ್ನು ಹುಡುಕಿ. ಕಟ್ಟುವುದಕ್ಕೆ ಲಕ್ಷಗಟ್ಟಲೆ ಇಟ್ಟು, ಮಾಲಿಯ ಸಂಬಳಕ್ಕೂ ಸಸಿಗಳ ನೀರಿಗೂ ಏನನ್ನೂ ಇಡದಿದ್ದರೆ, ಕನಿಷ್ಠ ಮೂರು ವರ್ಷದ ನಿರ್ವಹಣೆಯನ್ನು ಗುತ್ತಿಗೆಯಲ್ಲಿ ಸೇರಿಸುವಂತೆ ಒತ್ತಾಯಿಸಿ.

ಮುಂದಿನ ಸಭೆಯನ್ನು ಕಚೇರಿಯ ಬದಲು ಆ ಜಾಗದಲ್ಲಿಯೇ ಕರೆಯುವಂತೆ ಸಂಘದ ಹಿರಿಯರನ್ನು ಕೇಳಿಕೊಳ್ಳಿ. ಎಂಜಿನಿಯರರನ್ನೂ ತೋಟಗಾರಿಕೆಯ ಅಧಿಕಾರಿಯನ್ನೂ ಬರಮಾಡಿಕೊಂಡು, ಸುಣ್ಣದ ಪುಡಿಯಿಂದ ದಾರಿ, ಅಂಗಳ ಮತ್ತು ಇಂಗುಗುಂಡಿಯನ್ನು ನೆಲದ ಮೇಲೇ ಗುರುತು ಹಾಕಿಸಿ. ಬೆಳಿಗ್ಗೆ ನಡೆಯುವವರು, ಹುಡುಗರು, ಹೊಂಗೆಯ ಕೆಳಗೆ ಕೂರುವ ಆ ಅಜ್ಜಿ ಎಲ್ಲರೂ ಅದನ್ನು ತುಳಿದು ನೋಡಲಿ. ಆಗ ಒಪ್ಪಿಗೆಯಾದ ಬದಲಾವಣೆಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಹಾಜರಿದ್ದವರೆಲ್ಲರ ಸಹಿ ಹಾಕಿಸಿ, ಟೆಂಡರು ಕರೆಯುವುದಕ್ಕೆ ಮೊದಲೇ ಪಾಲಿಕೆಯ ಆಯುಕ್ತರಿಗೆ ತಲುಪಿಸಿ.