ಓದುಗರ ಪ್ರಶ್ನೆ: ಮನೆಯ ಬಿಪಿ ಮೆಷಿನ್ ನಂಬಬಹುದೇ?

ಪ್ರಶ್ನೆ: ನನಗೆ 46 ವರ್ಷ, ಕೂತು ಮಾಡುವ ಕೆಲಸ. ಕ್ಲಿನಿಕ್‌ನಲ್ಲಿ ಬಿಪಿ 146/92 ಬಂತು. ಮೆಷಿನ್ ತಂದು ಮನೆಯಲ್ಲಿ ನೋಡಿದರೆ ಒಮ್ಮೆ 128, ಇನ್ನೊಮ್ಮೆ 150. ಯಾವುದು ಸರಿ? ಮನೆಯಲ್ಲಿ ಉಪ್ಪು ಕಮ್ಮಿಯೇ.
– ಓದುಗರು, ತುಮಕೂರು

ಉತ್ತರ: ಬಿಡಿ ಅಂಕಿ ಬಿಟ್ಟು ಸರಾಸರಿ ನೋಡಿ. ಏಳು ದಿನ ಬೆಳಿಗ್ಗೆ ತಿಂಡಿಗೆ ಮುಂಚೆ, ಸಂಜೆ ಊಟಕ್ಕೆ ಮುಂಚೆ, ಒಂದು ನಿಮಿಷದ ಅಂತರದಲ್ಲಿ ಎರಡೆರಡು ಸಲ ಅಳೆದು ಬರೆದಿಡಿ. ಮೊದಲ ದಿನದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸರಾಸರಿ 135/85 ಅಥವಾ ಹೆಚ್ಚಿದ್ದರೆ ಬಿಪಿ ಇದೆ ಎಂದೇ ಅರ್ಥ. ಕ್ಲಿನಿಕ್ ಅಳತೆಗೆ ಮಾತ್ರ 140/90 ಗಡಿ.

ಅಂಕಿ ಏರುಪೇರಾಗುವುದು ಹೆಚ್ಚಾಗಿ ಅಳೆಯುವ ರೀತಿಯಿಂದ. ಕಾಫಿ ಕುಡಿದ, ಸಿಗರೇಟು ಸೇದಿದ ಅರ್ಧ ಗಂಟೆಯೊಳಗೆ ನೋಡಬೇಡಿ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಿ. ಕಾಲ ಮೇಲೆ ಕಾಲು ಬೇಡ, ಮಾತೂ ಬೇಡ. ಪಟ್ಟಿಯನ್ನು ಬರಿಯ ತೋಳಿಗೆ, ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲೆ ಸುತ್ತಿ, ತೋಳು ಎದೆಯ ಮಟ್ಟಕ್ಕೆ ಬರುವಂತೆ ಕೈಯನ್ನು ಮೇಜಿನ ಮೇಲಿಡಿ. ಕೈ ಇಳಿಬಿಟ್ಟರೆ ಅಂಕಿ ಏರುತ್ತದೆ. ತೋಳು ದಪ್ಪಗಿದ್ದು ಪಟ್ಟಿ ಚಿಕ್ಕದಾದರೂ ಅಷ್ಟೇ; ಪೆಟ್ಟಿಗೆಯ ಮೇಲಿನ ಸೆಂಟಿಮೀಟರ್ ಅಳತೆಯನ್ನು ಟೇಪಿನಿಂದ ತಾಳೆ ನೋಡಿ. ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೂಡ ಬಿಪಿ ಏರಿಸುತ್ತವೆ.

ಉಪ್ಪು ಕಮ್ಮಿ ಎಂದು ಎಲ್ಲ ಮನೆಯವರೂ ಹೇಳುತ್ತಾರೆ! ಪ್ಯಾಕೆಟ್ ಒಡೆದ ದಿನಾಂಕವನ್ನು ಅದರ ಮೇಲೇ ಬರೆಯಿರಿ. ತಲೆಗೆ ದಿನಕ್ಕೆ 5 ಗ್ರಾಂ ಮಿತಿಯಲ್ಲಿ ನಾಲ್ವರಿಗೆ ಒಂದು ಕೆ.ಜಿ. 50 ದಿನ ಬರಬೇಕು. ತಿಂಗಳಿಗೇ ಮುಗಿದರೆ ತಲೆಗೆ 8 ಗ್ರಾಂ ದಾಟಿದಂತೆ. ಅಂಗಡಿಯ ಉಪ್ಪಿನಕಾಯಿ, ಹಪ್ಪಳ, ಖಾರದ ಮಿಕ್ಸ್ಚರ್ ಈ ಲೆಕ್ಕಕ್ಕೆ ಸಿಗುವುದಿಲ್ಲ. ಸೈಂಧವ ಲವಣದಲ್ಲೂ ಇರುವುದು ಬಹುಪಾಲು ಅದೇ ಸೋಡಿಯಂ.

180/120 ದಾಟಿ ಎದೆನೋವು, ಉಬ್ಬಸ, ಮಾತು ತೊದಲುವಿಕೆ ಏನಾದರೂ ಇದ್ದರೆ ಸರಾಸರಿ ಹಾಕುತ್ತ ಕೂರದೆ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ವಯಸ್ಸು 43, ತೂಕ 78 ಕೆ.ಜಿ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 6.1, ಶುಗರ್ 'ಬಾರ್ಡರ್' ಎಂದರು. ಅನ್ನ ಬಿಟ್ಟು ಎರಡು ಹೊತ್ತೂ ಮುದ್ದೆ ಉಣ್ಣುತ್ತಿದ್ದೇನೆ. ಸಾಕೇ?
– ಓದುಗರು, ಮಂಡ್ಯ

ಉತ್ತರ: ಸಾಲದು. 5.7ರಿಂದ 6.4ರವರೆಗಿನದು ಸಕ್ಕರೆ ಕಾಯಿಲೆಯ ಹಿಂದಿನ ಹಂತ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಹೆಚ್ಚು ನಿಜ, ಆದರೆ ಅದರಲ್ಲೂ ಬಹುಪಾಲು ಪಿಷ್ಟವೇ. ನುಣ್ಣಗಿನ ಹಿಟ್ಟಿನ ಎರಡು ದೊಡ್ಡ ಮುದ್ದೆ ತಿಳಿಸಾರಿನಲ್ಲಿ ಇಳಿದರೆ ಶುಗರ್ ಏರಿಯೇ ಏರುತ್ತದೆ. ಒಂದು ಸಣ್ಣ ಮುದ್ದೆಗೆ ಗಟ್ಟಿ ಮಸ್ಸೊಪ್ಪು ಅಥವಾ ಬಸ್ಸಾರಿನ ಪಲ್ಯ ತಟ್ಟೆಯ ಅರ್ಧದಷ್ಟು ಇರಲಿ. ಊಟವಾದ ಮೇಲೆ ಹದಿನೈದು ನಿಮಿಷ ನಡೆಯಿರಿ. ಇದಲ್ಲದೆ ವಾರಕ್ಕೆ 150 ನಿಮಿಷ ಬಿರುಸು ನಡಿಗೆ ಬೇಕು. ತೂಕದಲ್ಲಿ 4–5 ಕೆ.ಜಿ. ಇಳಿದರೂ ಲಾಭ ದೊಡ್ಡದು. ಸೊಂಟದ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂ.ಮೀ. ಒಳಗಿರಬೇಕು.

ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸುವಾಗ ಹಿಮೋಗ್ಲೋಬಿನ್ ಕೂಡ ನೋಡಿಸಿ. ಕಬ್ಬಿಣಾಂಶ ಕಡಿಮೆಯಿದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಆಗ ಖಾಲಿ ಹೊಟ್ಟೆಯ ಶುಗರ್ ಸೇರಿಸಿಯೇ ತೀರ್ಮಾನಿಸಬೇಕು.