ಹತ್ತೊಂಬತ್ತು ದಿನ ತೆರೆಯದ ಮೇಲ್‌ಗಳು

(ನಾನು ಆಪ್ತಸಲಹೆಗಾರ್ತಿ. ಇದು ನನ್ನ ಬಳಿ ಬಂದ ಒಬ್ಬರ ಕಥೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.)

ಮೊದಲ ದಿನ ಅವರು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಫೋನ್ ಮೇಜಿನ ಮೇಲೆ ಬೋರಲು ಮಲಗಿತ್ತು. ಕೈಯಲ್ಲಿ ಒಂದು ಹೇರ್ ಕ್ಲಿಪ್. ಅದನ್ನು ತೆರೆಯೋದು, ಮುಚ್ಚೋದು. ಟಕ್, ಟಕ್.

"ಇದು ಸ್ಯಾಂಪಲ್ ಮೇಡಂ. ಇಂಥವು ಎಂಟು ಸಾವಿರ ಚೆನ್ನೈ ಬಂದರಿನ ಗೋದಾಮಲ್ಲಿ ಕೂತಿವೆ."

ವಯಸ್ಸು ಮೂವತ್ತರ ಆಸುಪಾಸು. ಮಧ್ಯ ಕರ್ನಾಟಕದ ಊರೊಂದರಲ್ಲಿ ಸಣ್ಣ ಫ್ಯಾನ್ಸಿ ಸ್ಟೋರ್. ಬೆಂಗಳೂರಿನ ಚಿಕ್ಕಪೇಟೆಯಿಂದ ಸರಕು ತಂದು ಮಾರುತ್ತಿದ್ದರು. ಅದೇ ಸರಕು ಚೀನಾದ ಯಿವು ಮಾರುಕಟ್ಟೆಯಲ್ಲಿ ಕಾಲು ಬೆಲೆಗೆ ಸಿಗುತ್ತೆ ಅಂತ ಗೊತ್ತಾದ ಮೇಲೆ ಮನಸ್ಸು ನಿಲ್ಲಲಿಲ್ಲ.

ಅಡ್ಡದಾರಿ ಏನೂ ಹಿಡಿದಿರಲಿಲ್ಲ. ವಿದೇಶಿ ವ್ಯಾಪಾರ ನೋಡಿಕೊಳ್ಳುವ ಕೇಂದ್ರದ ಇಲಾಖೆ ಡಿಜಿಎಫ್‌ಟಿಗೆ 500 ರೂಪಾಯಿ ಕಟ್ಟಿ ಐಇಸಿ, ಅಂದರೆ ಆಮದು-ರಫ್ತು ಕೋಡ್, ಮಾಡಿಸಿದ್ದರು. ದುಡ್ಡು ಬ್ಯಾಂಕ್ ಮೂಲಕವೇ ಹೋಗಿತ್ತು. 30% ಮುಂಗಡ, ಸರಕು ತಯಾರಾದ ಮೇಲೆ ಉಳಿದ 70%. ಒಟ್ಟು 3,20,000 ರೂಪಾಯಿ. ಅದರಲ್ಲಿ ಎರಡು ಲಕ್ಷ ಅಮ್ಮನ ಬಳೆಗಳದ್ದು. ಲಾಕರ್‌ನಲ್ಲಿ ಇಟ್ಟು ಬರ್ತೀನಿ ಅಂತ ಹೇಳಿ ಒಯ್ದು, ಸೊಸೈಟಿಯಲ್ಲಿ ಅಡ ಇಟ್ಟಿದ್ದರು. ಅಮ್ಮನಿಗೂ ಗೊತ್ತಿಲ್ಲ, ಹೆಂಡತಿಗೂ ಗೊತ್ತಿಲ್ಲ.

ಬಂದದ್ದು 32 ಬಾಕ್ಸ್. ಇಪ್ಪತ್ತರಲ್ಲಿ ಕ್ಲಿಪ್ ಮತ್ತು ಕೇಕ್ ಮಾಡುವ ಸಿಲಿಕೋನ್ ಅಚ್ಚುಗಳು. ಹನ್ನೆರಡರಲ್ಲಿ ಬ್ಯಾಟರಿ ಹಾಕುವ ಬಾತುಕೋಳಿ ಆಟಿಕೆ. ಕಸ್ಟಮ್ಸ್‌ನವರು ಸರಕು ತಡೆದದ್ದು ಆ ಬಾತುಕೋಳಿಗಳಿಂದಾಗಿ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. 14 ವರ್ಷದೊಳಗಿನ ಮಕ್ಕಳು ಆಡೋ ಸಾಮಾನಿಗೆಲ್ಲ ಇದು ಅನ್ವಯ. ಹೊರದೇಶದ ಕಾರ್ಖಾನೆಯಾದರೂ ಆ ಗುರುತು ಕೊಡುವ ಸಂಸ್ಥೆಯಾದ ಬಿಐಎಸ್‌ನ ಪರವಾನಗಿ ಇರಲೇಬೇಕು. ಇವರ ಹತ್ತಿರ ಇದ್ದದ್ದು ಸಿಇ ಸರ್ಟಿಫಿಕೇಟ್. ಅದು ಯುರೋಪಿನ ಗುರುತು. ನಮ್ಮಲ್ಲಿ ಅದಕ್ಕೆ ಬೆಲೆ ಇಲ್ಲ.

"ಸ್ಯಾಂಪಲ್ ಕೊರಿಯರ್‌ನಲ್ಲಿ ಸಲೀಸಾಗಿ ಬಂತು ಮೇಡಂ. ನನ್ನ ಮಗಳು ಈಗ್ಲೂ ಆ ಬಾತುಕೋಳಿ ತಬ್ಕೊಂಡೇ ಮಲಗ್ತಾಳೆ. ಒಂದು ಬಂದಿದ್ದು ಸಾವಿರ ಯಾಕೆ ಬರಲ್ಲ ಅಂದ್ಕೊಂಡೆ."

ಕಸ್ಟಮ್ಸ್‌ನಿಂದ ಸರಕು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟ್ ಮೇಲ್ ಕಳಿಸಿದ್ದರು, ಫೋನ್ ಮಾಡಿದ್ದರು. ಮೊದಲ ಮೇಲ್‌ನಲ್ಲಿ 'ತಡೆ' ಅನ್ನೋ ಪದ ಕಂಡದ್ದೇ ಇವರು ಫೋನ್ ಮುಚ್ಚಿಟ್ಟರು. ಆಮೇಲೆ ಬಂದ ಯಾವ ಮೇಲನ್ನೂ ತೆರೆಯಲಿಲ್ಲ. ಹತ್ತೊಂಬತ್ತು ದಿನ. ಮನೆಯಲ್ಲಿ "ಹಡಗು ತಡ ಆಗಿದೆ" ಅಂತ ಹೇಳಿಕೊಂಡು ಬಂದರು. ರಾತ್ರಿ ಮೂರಕ್ಕೆ ಎಚ್ಚರ. ಊಟ ಸೇರುತ್ತಿರಲಿಲ್ಲ. ಅಷ್ಟೂ ದಿನ ಗೋದಾಮಿನ ಬಾಡಿಗೆ ಏರುತ್ತಲೇ ಇತ್ತು.

ಸಾಯಬೇಕು ಅನ್ನಿಸಿದೆಯಾ ಅಂತ ನಾನು ನೇರವಾಗಿ ಕೇಳಿದೆ. ಇದನ್ನು ಸುತ್ತುಬಳಸಿ ಕೇಳಬಾರದು. ಕ್ಲಿಪ್ಪಿನ ಸದ್ದು ನಿಂತಿತು. "ಒಂದು ಸಲ. ಕೆರೆ ಏರಿ ಮೇಲೆ ಬೈಕ್ ನಿಲ್ಲಿಸಿದ್ದೆ. ಮಗಳ ಫೋನ್ ಬಂತು." ಅವತ್ತು ಬೇರೆ ಮಾತೆಲ್ಲ ಪಕ್ಕಕ್ಕಿಟ್ಟೆವು. ಆ ಯೋಚನೆ ಮತ್ತೆ ಬಂದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಅಂತ ಕೂತು ಬರೆದೆವು. ಮೊದಲು ಅವರ ಗೆಳೆಯನ ನಂಬರ್. ಆಮೇಲೆ 14416, ಟೆಲಿ-ಮಾನಸ್. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಸಿಗುತ್ತೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಎರಡೇ ದಿನ ಬಿಟ್ಟು ಮತ್ತೆ ಬರಲು ಹೇಳಿದೆ. ಅಲ್ಲಿವರೆಗೆ ಗೆಳೆಯ ಜೊತೆಗೇ ಇರಲು ಒಪ್ಪಿದರು.

ಎರಡನೇ ಸಲ ಒಂದೇ ಕೆಲಸ ಮಾಡಿದೆವು. ಮೇಲ್‌ಗಳನ್ನು ಇಲ್ಲೇ, ನನ್ನ ಮುಂದೆಯೇ ತೆರೆಯುವುದು. ಒಟ್ಟು ಹನ್ನೊಂದು ಇದ್ದವು. ದಿನಾಂಕದ ಪ್ರಕಾರ ಒಂದೊಂದಾಗಿ ಜೋರಾಗಿ ಓದುವುದು, ನಡುವೆ ನೀರು ಕುಡಿಯುವುದು. ಬೇಡ ಅನ್ನಿಸಿದರೆ ನಿಲ್ಲಿಸಬಹುದು, ಆದರೆ ಫೋನ್ ಬೋರಲು ಹಾಕುವಂತಿಲ್ಲ. ಮೊದಲ ಮೇಲ್‌ಗೆ ಕೈ ನಡುಗುತ್ತಿತ್ತು. ಒಂದು ಮೇಲ್ ಬ್ಯಾಂಕಿನದು. ಅದನ್ನು ನೋಡಿ "ಕೇಸ್ ಹಾಕ್ತಿದಾರೆ" ಅಂದುಬಿಟ್ಟರು.

ಆಪ್ತಸಲಹೆಗೆ ಬರುವ ಮುಂಚೆ ನಾನು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ನಾಲ್ಕು ವರ್ಷ ಕೂತಿದ್ದೆ. ಅಂಥ ಮೇಲ್‌ಗಳನ್ನು ನಾನೇ ಎಷ್ಟೋ ಕಳಿಸಿದ್ದೇನೆ. ಆಮದಿಗೆ ಮುಂಗಡ ಹೋದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಸರಕು ಬಂದಿರಬೇಕು. ಅದಕ್ಕೆ ಪುರಾವೆಯಾಗಿ ಬಿಲ್ ಆಫ್ ಎಂಟ್ರಿ, ಅಂದರೆ ಕಸ್ಟಮ್ಸ್‌ನ ಆಮದು ದಾಖಲೆ, ಕೇಳುತ್ತಾರೆ, ಅಷ್ಟೇ. ಇದನ್ನು ಹೇಳಿದಾಗ ಅವರು ನನ್ನನ್ನೇ ನೋಡುತ್ತಾ ಕೂತರು. ಕೇಸ್ ಅಂತ ಅವರು ಹೆದರಿದ್ದು ಒಂದು ಮಾಮೂಲಿ ನೆನಪೋಲೆಗೆ.

ಏಜೆಂಟ್‌ನ ಕೊನೆಯ ಮೇಲ್‌ನಲ್ಲಿ ಬೆದರಿಕೆ ಇರಲಿಲ್ಲ. ಆಟಿಕೆಗಳನ್ನು ಬಿಟ್ಟು ಉಳಿದ ಇಪ್ಪತ್ತು ಬಾಕ್ಸ್ ಬಿಡಿಸಲು ಅರ್ಜಿ ಹಾಕೋಣ, ಒಂದು ಪತ್ರ ಸಹಿ ಮಾಡಿ ಕಳಿಸಿ ಅಂತ ಇತ್ತು. ಅಲ್ಲಿಂದಲೇ ಏಜೆಂಟ್‌ಗೆ ಫೋನ್ ಮಾಡಿಸಿದೆ.

"ಚೀನಾದವರು ಮೋಸ ಮಾಡಿದ್ರು" ಅಂತ ಅವರು ಪದೇ ಪದೇ ಹೇಳುತ್ತಿದ್ದರು. ಇದನ್ನು ನಾನು ಸುಮ್ನೆ ಒಪ್ಪಲಿಲ್ಲ. ಕೇಳಿದ ಸರಕನ್ನೇ ಕಳಿಸಿದ್ದರು, ಲೆಕ್ಕ ಸರಿ ಇತ್ತು. ಎಫ್‌ಒಬಿ ಒಪ್ಪಂದ. ನಿಂಗ್‌ಬೋ ಬಂದರಿನಲ್ಲಿ ಹಡಗಿಗೆ ಏರಿಸಿದರೆ ಅವರ ಕೆಲಸ ಮುಗೀತು. ಇಲ್ಲಿನ ನಿಯಮ ತಿಳಿಯಬೇಕಾದದ್ದು ಇಲ್ಲಿ ತರಿಸಿಕೊಳ್ಳುವವರು. ಈ ಮಾತು ನೋಯಿಸುತ್ತೆ ಅಂತ ಗೊತ್ತಿತ್ತು, ನೋಯಿಸಿತು ಕೂಡ. ಆದರೆ "ನಾನು ಮೋಸ ಹೋದ ದಡ್ಡ" ಅನ್ನೋದಕ್ಕೂ "ಒಂದು ಪ್ರಶ್ನೆ ಕೇಳೋದು ಬಿಟ್ಟೆ" ಅನ್ನೋದಕ್ಕೂ ತುಂಬಾ ಅಂತರ ಇದೆ. ಎರಡನೆಯದನ್ನು ತಿದ್ದಿಕೊಳ್ಳಬಹುದು.

ಮನೆಯಲ್ಲಿ ಹೇಳೋದು ಎಲ್ಲಕ್ಕಿಂತ ಕಷ್ಟದ ಕೆಲಸ. ಹೆಂಡತಿಗೆ ಮೊದಲು, ಮಗಳು ಮಲಗಿದ ಮೇಲೆ, ಇಡೀ ಮೊತ್ತವನ್ನು ಒಂದೇ ಸಲಕ್ಕೆ ಹೇಳಿ ಅಂದೆ. ಅರ್ಧ ಇವತ್ತು, ಅರ್ಧ ನಾಳೆ ಅಂದರೆ ನಂಬಿಕೆ ಎರಡು ಸಲ ಮುರಿಯುತ್ತೆ. "ನಿಮಗೋಸ್ಕರಾನೇ ಮಾಡ್ದೆ" ಅನ್ನೋ ಮಾತು ಬೇಡ. ಕೋಪ ಬಂದರೆ ಬರಲಿ, ಅದಕ್ಕೆ ಉತ್ತರ ಕೊಡಲು ಹೋಗಬೇಡಿ.

ಹೆಂಡತಿ ತವರಿಗೆ ಹೋಗಿ ನಾಲ್ಕು ದಿನ ಇದ್ದು ಬಂದರು. ಅಮ್ಮ ಬೈಯಲೂ ಇಲ್ಲ, ಅಳಲೂ ಇಲ್ಲ. ಅಡ ಇಟ್ಟ ರಸೀದಿ ಎಲ್ಲಿ ಅಂತ ಕೇಳಿದರು. ಕೊಟ್ಟದ್ದನ್ನು ನಾಲ್ಕು ಮಡಿಕೆ ಮಾಡಿ, ಬಳೆ ಇಡುತ್ತಿದ್ದ ಡಬ್ಬಿಯಲ್ಲೇ ಇಟ್ಟರು. ಇದನ್ನು ಹೇಳುವಾಗ ಅವರು ಮೊದಲ ಸಲ ಅತ್ತರು.

ಇಪ್ಪತ್ತು ಬಾಕ್ಸ್ ಬಂತು. ಬಾತುಕೋಳಿಗಳು ಹೋದವು. ದಂಡ, ಬಾಡಿಗೆ ಎಲ್ಲ ಸೇರಿ ಎರಡು ಲಕ್ಷದ ಹತ್ತಿರ ಕಳೆದುಕೊಂಡರು. ಆಗ ಇನ್ನೊಂದು ಅಪಾಯ ಎದ್ದಿತು. ಹೋದದ್ದನ್ನು ತಕ್ಷಣ ವಾಪಸ್ ತರಬೇಕು, ಇನ್ನೂ ದೊಡ್ಡ ಆರ್ಡರ್ ಹಾಕಬೇಕು! ಇಸ್ಪೀಟ್ ಆಡುವವರ ಮನಸ್ಸೂ ಹೀಗೇ ಓಡುತ್ತೆ. ಆರು ತಿಂಗಳು ಹೊಸ ಆರ್ಡರ್ ಇಲ್ಲ, ಮುಂದೆ ಮಾಡಿದರೂ ಹೆಂಡತಿಗೆ ಗೊತ್ತಿರುವ ದುಡ್ಡಿನಲ್ಲಿ ಮಾತ್ರ ಅಂತ ಮಾತು ತೆಗೆದುಕೊಂಡೆ.

ಆ ಆರು ತಿಂಗಳಲ್ಲಿ ಒಂದು ನೋಟ್‌ಬುಕ್ ಮಾಡಲು ಹೇಳಿದೆ. ಬೆಲೆ ಕೇಳುವ ಮುಂಚೆ ಏಜೆಂಟ್‌ಗೆ ಕೇಳಬೇಕಾದ್ದು: ಈ ಸರಕಿಗೆ ಬಿಐಎಸ್ ಬೇಕಾ, ಸುಂಕ ಎಷ್ಟು. ಆಟಿಕೆಗೆ ಸುಂಕವೇ 70% ಅಂತ ಅವರಿಗೆ ಗೊತ್ತೇ ಇರಲಿಲ್ಲ. ಸಾದಾ ಸರಕಿನ ಲೆಕ್ಕವನ್ನು ಕೈಯಾರೆ ಬರೆಸಿದೆ. ಸಾಗಣೆ, ವಿಮೆ ಸೇರಿ 100 ರೂಪಾಯಿ. 10% ಸುಂಕ ಆದರೆ 10. ಆ ಸುಂಕದ ಮೇಲೆ ಸರ್‌ಚಾರ್ಜ್ 1. ಆ 111ರ ಮೇಲೆ 18% ಜಿಎಸ್‌ಟಿ ಅಂದರೆ 20ರ ಹತ್ತಿರ. ಬಂದರಿನಲ್ಲೇ 131, ಲಾರಿ ಬಾಡಿಗೆ ಬೇರೆ. ಚೀನಾದ ಕಂಪನಿಯ ಪರವಾನಗಿಯಲ್ಲಿ 18 ಅಂಕಿ-ಅಕ್ಷರದ ಸಂಖ್ಯೆ ಇರುತ್ತೆ, ಅದನ್ನು ಅಲ್ಲಿನ ಸರ್ಕಾರಿ ತಾಣದಲ್ಲಿ ನೋಡಬಹುದು. ಬ್ಯಾಂಕ್ ಖಾತೆ ಅದೇ ಹೆಸರಲ್ಲಿರಬೇಕು. ಖಾತೆ ಬದಲಾಗಿದೆ ಅಂತ ಮೇಲ್ ಬಂದರೆ ಹಳೇ ನಂಬರಿಗೆ ಫೋನ್ ಮಾಡಿ ಕೇಳದೆ ಒಂದು ರೂಪಾಯಿ ಕಳಿಸಬಾರದು. ಕಂಪನಿಗೆ ಉಳಿದ 70% ಕಟ್ಟುವ ಮುಂಚೆ ಅಲ್ಲಿನ ತಪಾಸಣೆಯವರಿಂದ ಬಾಕ್ಸ್ ತೆರೆಸಿ ನೋಡಿಸಬೇಕು.

ಕೊನೆಯ ಸಲ ಬಂದಾಗ ಆ ನೋಟ್‌ಬುಕ್ ತಂದಿದ್ದರು. ಎರಡು ಬಗೆಯ ಕೈಬರಹ ಇತ್ತು. ಲೆಕ್ಕದ ಭಾಗ ಹೆಂಡತಿಯದು. ಒಂದು ಬಳೆ ಬಿಡಿಸಿದ್ದಾರೆ, ಇನ್ನೂ ಮೂರು ಬಾಕಿ. ಮಾತಾಡುವಾಗ ಕೈ ಖಾಲಿ ಇತ್ತು. ಆ ಕ್ಲಿಪ್ ಏನಾಯ್ತು ಅಂತ ಕೇಳಿದೆ.

"ಅಂಗಡೀಲಿ ಮಾರಿಬಿಟ್ಟೆ ಮೇಡಂ. ಮೂವತ್ತು ರೂಪಾಯಿಗೆ."